ಬಿಳಿ ಕಾರಿನಲ್ಲಿ ಹಾಡುತ್ತಿದ್ದವಳು

ನೈರೋಬಿಯಲ್ಲಿ ಕತ್ತಲಾದ ಮೇಲೆ ಯಾರೂ ನಡೆದು ಮನೆಗೆ ಹೋಗುವುದಿಲ್ಲ. ಬಾವಿ ದಾಟಿ, ಆಲದಮರ ದಾಟಿ ಬರುವಾಗ ಹಿಂದಿನಿಂದ ಯಾರೋ ಕರೆದರು ಅನ್ನುವ ಕತೆಗಳು ಅಲ್ಲಿ ನಡೆಯುವುದಿಲ್ಲ ಬಿಡಿ. ದರೋಡೆಯ ಭಯ. ಕಾರು ಹತ್ತಬೇಕು, ನಾಲ್ಕೂ ಬಾಗಿಲು ಲಾಕ್ ಮಾಡಬೇಕು, ಗಾಜು ಏರಿಸಬೇಕು, ಯಾರು ತಟ್ಟಿದರೂ ಇಳಿಸಬಾರದು. ಹೊರಗಿನವರು ಒಳಗೆ ಬರಬಾರದು ಅಂತ ಇಷ್ಟೆಲ್ಲ ಜೋಪಾನ... ಒಳಗೇ ಕೂತಿದ್ದರೆ ಏನು ಮಾಡುತ್ತೀರಿ?

ಇದು ನಮ್ಮ ದೊಡ್ಡಪ್ಪನ ಮಗ ಚಿದಾನಂದನಿಗೆ ಆದದ್ದು. ಮೈಸೂರಿನವನು. ಅಲ್ಲೊಂದು ಔಷಧಿ ಫ್ಯಾಕ್ಟರಿಯಲ್ಲಿ ಮ್ಯಾನೇಜರು, ಸೌತ್ ಸಿ ಅನ್ನುವ ಬಡಾವಣೆಯಲ್ಲಿ ಮನೆ. ದೆವ್ವ ಅಂದರೆ ಹೊಟ್ಟೆ ಹಿಡಿದು ನಗುತ್ತಿದ್ದ ಆಸಾಮಿ. ಈಗ ನಗುವುದಿಲ್ಲ.

ಎರಡು ಸಾವಿರದ ಆರನೇ ಇಸವಿಯ ಶ್ರಾವಣದಲ್ಲಿ ಅವನೊಂದು ಬಿಳಿ ಕಾರು ತಗೊಂಡ. ಅಲ್ಲಿನ ಕಾರುಗಳಲ್ಲಿ ಬಹಳಷ್ಟು ಜಪಾನಿನಲ್ಲಿ ಯಾರೋ ಓಡಿಸಿ ಬಿಟ್ಟವು. ಹಡಗಿನಲ್ಲಿ ಮೊಂಬಾಸಾಕ್ಕೆ ಬಂದು ಇಳಿಯುತ್ತವೆ. ಹಳೆ ಯಜಮಾನರ ಬಾಚಣಿಗೆಯೋ ಛತ್ರಿಯೋ ಒಳಗೆ ಉಳಿದಿರುತ್ತದೆ. ಇವನ ಕಾರಿನ ಟೇಪಿನಲ್ಲಿ ಒಂದು ಕ್ಯಾಸೆಟ್ಟು ಸಿಕ್ಕಿಹಾಕಿಕೊಂಡಿತ್ತು. ಏನು ಮಾಡಿದರೂ ಹೊರಗೆ ಬರುತ್ತಿರಲಿಲ್ಲ. ಕಾರು ಚಾಲೂ ಮಾಡಿದರೆ ಸಾಕು, ಹಾಡು. ಒಬ್ಬ ಹೆಂಗಸು... ನಿಧಾನಕ್ಕೆ... ಯಾರನ್ನೋ ಕಾದು ಕಾದು ಸುಸ್ತಾದ ದನಿಯಲ್ಲಿ. ಹಿಂದೆ ಜೀರುಂಡೆಗಳು, ಝೀಂ ಅಂತ. ನಡುನಡುವೆ ಒಂದು ಸಣ್ಣ ಗಾಜಿನ ಗಂಟೆ. ಟಿಣ್.

ಕಾರು ಬಂದದ್ದು ವರಮಹಾಲಕ್ಷ್ಮಿ ಹಬ್ಬದ ದಿನ. ಅವನ ಹೆಂಡತಿ ಮೈಥಿಲಿ ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು ಪೂಜೆ ಮಾಡಿದಳು. ಅರಿಶಿನ ಕುಂಕುಮಕ್ಕೆ ಬಂದ ಹೆಂಗಸರೆಲ್ಲ ಗೇಟಿನ ಹತ್ತಿರ ನಿಂತು ನೋಡುತ್ತಿದ್ದರು. ಒಳಗೆ ಆ ಹಾಡು ನಡೆದೇ ಇತ್ತು.

"ಇಷ್ಟು ಚೆನ್ನಾಗಿ ಹಾಡ್ತಿದಾಳೆ, ಅವಳಿಗೊಂದು ಕುಂಕುಮ ಬೇಡ್ವಾ?" ಅಂತ ನಗುತ್ತ ಮೈಥಿಲಿ ಟೇಪಿನ ಬಾಯಿಗೆ ಅರಿಶಿನ ಕುಂಕುಮ ಹಚ್ಚಿದಳು.

ಪಕ್ಕದ ಮನೆಯ ಶಾಂತಾ ಆಂಟಿ, ವಯಸ್ಸಾದವರು, ನಗಲಿಲ್ಲ. "ಕುಂಕುಮ ಕೊಟ್ಟ ಮೇಲೆ ತಾಂಬೂಲಾನೂ ಕೊಟ್ಟು ಕಳಿಸ್ಬೇಕಮ್ಮ. ಸುಮ್ನೆ ಕೂರಿಸ್ಕೋಬಾರ್ದು."

"ಎಲೆ ಖಾಲಿ ಆಂಟಿ. ಆಮೇಲೆ ಕೊಡ್ತೀನಿ ಬಿಡಿ."

ಆ 'ಆಮೇಲೆ' ಬರಲೇ ಇಲ್ಲ.

ಫ್ಯಾಕ್ಟರಿಯ ಅನಂತ್ ತರಬೇತಿಗೆಂದು ಜಪಾನಿನಲ್ಲಿ ಇದ್ದು ಬಂದವನು. ಒಂದು ದಿನ ಕಾರಿನಲ್ಲಿ ಕೂತು ಹಾಡು ಕೇಳಿದ. "ಇವು ಬೇಸಿಗೆ ಹಾಡು ಕಣೋ. ಅಲ್ಲಿ ಆಗಸ್ಟ್ ಅಂದ್ರೆ ಸುಡುಸೆಕೆ. ಸೆಕೇಲಿ ಕೂತು ಕೇಳಕ್ಕೇ ಅಂತ ಇಂಥ ಸಂಕಟದ ಹಾಡು ಇಟ್ಕೊಂಡಿರ್ತಾರೆ. ಹಬ್ಬ ಮುಗೀತು, ಎಲ್ರೂ ಹೊರಟ್ರು, ನನ್ನ ಮಾತ್ರ ಯಾರೂ ಕಳಿಸಿಕೊಡ್ಲಿಲ್ಲ... ಅಂತಿದಾಳೆ." ಆಮೇಲೆ ದನಿ ತಗ್ಗಿಸಿದ. "ಆಗಸ್ಟಲ್ಲೇ ಅಲ್ಲಿ ಸತ್ತೋರು ಮನೆಗೆ ಬರೋದು. ನಮ್ಮ ಪಿತೃಪಕ್ಷ ಇದ್ದಂಗೆ. ದೀಪ ಹಚ್ಚಿ ಕರೀತಾರೆ, ದೀಪ ಹಚ್ಚಿ ಕಳಿಸ್ತಾರೆ. ಕರೆದ ಮೇಲೆ ಕಳಿಸ್ಲೇಬೇಕು."

ಚಿದಾನಂದ ಎಂದಿನಂತೆ ನಕ್ಕ.

ಮುಂದಿನ ಶುಕ್ರವಾರ ಊರಿನ ಇನ್ನೊಂದು ತುದಿಯ ಕಸರಾನಿಯಲ್ಲಿ, ಮೈಥಿಲಿಯ ಗೆಳತಿ ಶೈಲಜಾ ಮನೆಯಲ್ಲಿ ಅರಿಶಿನ ಕುಂಕುಮ. ಮೈಥಿಲಿಗೆ ಜ್ವರ. ಅವಳ ಬದಲು ಎಂಟು ವರ್ಷದ ಮಗಳು ಗಗನಾಳನ್ನು ಚಿದಾನಂದ ಕರೆದುಕೊಂಡು ಹೋದ. ಶೈಲಜಾ ಒಂದು ಕವರಿನಲ್ಲಿ ತೆಂಗಿನಕಾಯಿ, ಎಲೆ ಅಡಿಕೆ, ಬಳೆ, ಗಿಣಿಹಸಿರು ಬ್ಲೌಸ್ ಪೀಸು ಹಾಕಿ ಮಗುವಿನ ಕೈಗೆ ಕೊಟ್ಟಳು. ನಮ್ಮ ಬ್ಲೌಸ್ ಪೀಸುಗಳ ಹಣೆಬರಹ ನಿಮಗೆ ಗೊತ್ತಲ್ಲ, ಊರೆಲ್ಲ ಸುತ್ತಿ ಕೊಟ್ಟವರ ಮನೆಗೇ ಬರುತ್ತವೆ. ನೈರೋಬಿಯಲ್ಲಿರುವ ಕನ್ನಡದ ಮನೆಗಳೇ ಬೆರಳೆಣಿಕೆ, ಇನ್ನೂ ಬೇಗ ಬರುತ್ತವೆ. ಆ ಪೀಸಿನ ಮೂಲೆಯಲ್ಲಿ ಅರಿಶಿನದ ಕಲೆಯಿತ್ತು. ಎರಡು ವರ್ಷದ ಹಿಂದೆ ಮೈಥಿಲಿಯೇ ಯಾರಿಗೋ ಕೊಟ್ಟಿದ್ದು ಅದು. ಚಿದಾನಂದನಿಗೂ ಗುರುತು ಸಿಕ್ಕಿತು, ಒಳಗೊಳಗೇ ನಕ್ಕ.

ಹೊರಟಾಗ ರಾತ್ರಿಯಾಗಿತ್ತು. ಆಗಸ್ಟ್ ಅಲ್ಲಿ ಚಳಿಗಾಲ. ರಸ್ತೆಯಲ್ಲಿ ಮಂಜು. ಹಿಂದಿನ ಸೀಟಿನಲ್ಲಿ ಕವರು ಅಪ್ಪಿಕೊಂಡು ಮಗು ತೂಕಡಿಸುತ್ತಿತ್ತು. ದಾರಿಯಲ್ಲೊಂದು ದೊಡ್ಡ ಮುಗುಮೊ ಮರವಿದೆ. ಆಲದ ಬಳಗದ್ದು. ದೇವರ ಮರವೆಂದು ಅಲ್ಲಿನವರು ಅದಕ್ಕೆ ಕೊಡಲಿ ಹಾಕುವುದಿಲ್ಲ. ಅದರ ಕೆಳಗೆ ಬಂದಾಗ... ಟಕ್. ಇಂಜಿನ್ ನಿಂತಿತು.

ಹೆಡ್‌ಲೈಟ್ ಆರಿತು. ಎಷ್ಟು ತಿರುಗಿಸಿದರೂ ಚಾಲೂ ಆಗಲಿಲ್ಲ. ಚಿದಾನಂದ ಕೀ ತೆಗೆದು ಕೈಯಲ್ಲಿ ಹಿಡಿದುಕೊಂಡ.

ಹಾಡು ಶುರುವಾಯಿತು.

ಕೀ ಅವನ ಕೈಯಲ್ಲಿದೆ... ಹಾಡು ನಡೆಯುತ್ತಿದೆ. ಝೀಂ... ಟಿಣ್.

ಬಾಗಿಲು ತೆಗೆಯಲು ಹೋದ. ಬರಲಿಲ್ಲ. ಆ ಕಡೆಯದು, ಹಿಂದಿನದು, ಯಾವುದೂ ಇಲ್ಲ. ಗಾಜು ಇಳಿಯಲಿಲ್ಲ. ಒದ್ದ. ಮೊಣಕೈಯಲ್ಲಿ ಗುದ್ದಿದ. ಗಾಜು ಧಡ್ ಅಂದಿತೇ ಹೊರತು ಬಿರಿಯಲಿಲ್ಲ. ಪಾನಾ ಡಿಕ್ಕಿಯಲ್ಲಿತ್ತು. ಹೊರಗೆ ಮಂಜು, ಒಳಗೆ ಸೆಕೆ. ಸೆಕೆ ಏರುತ್ತ ಏರುತ್ತ ಅಂಗಿ ಬೆನ್ನಿಗೆ ಅಂಟಿತು. ಒಂದು ಮಟಾಟು, ಅಲ್ಲಿನ ಬಾಡಿಗೆ ವ್ಯಾನು, ಪೋಂ ಅಂತ ಹೋಯಿತು. ಇವನು ಗಾಜು ಬಡಿದ. ಆ ಹೊತ್ತಿನಲ್ಲಿ ಆ ಊರಲ್ಲಿ ಯಾರು ನಿಲ್ಲಿಸುತ್ತಾರೆ? ತಾನೇ ಆಗಿದ್ದರೂ ನಿಲ್ಲಿಸುತ್ತಿರಲಿಲ್ಲ.

ಮೈಥಿಲಿಗೆ ಫೋನ್ ಮಾಡಿದ. ಎತ್ತಿದಳು.

"ಏನ್ರೀ... ಬರೀ ಹಾಡು ಕೇಳ್ತಿದೆ. ಮಾತಾಡ್ರೀ." ಇವನು ಕೂಗಿದ. "ರೀ? ಹಾಡು ಆರಿಸಿ ಮಾತಾಡ್ರೀ." ಕಟ್ಟಾಯಿತು.

ಆಗ ಹಿಂದಿನಿಂದ ಇನ್ನೊಂದು ಸದ್ದು. ಸುಂಯ್... ಸುಂಯ್... ಗಗನಾಳ ಎದೆಯದು. ಅವಳಿಗೆ ವೀಸಿಂಗ್ ಇತ್ತು. ಔಷಧಿ ಎಳೆದುಕೊಳ್ಳುವ ಪಂಪು ಮನೆಯಲ್ಲಿ, ಸ್ಕೂಲ್ ಬ್ಯಾಗಿನಲ್ಲಿ. ಚಿದಾನಂದ ಸೀಟು ದಾಟಿ ಹಿಂದೆ ಹೋಗಿ ಮಗುವನ್ನು ತೊಡೆಯ ಮೇಲೆ ನೆಟ್ಟಗೆ ಕೂರಿಸಿಕೊಂಡ. ಮೈ ಕಾದ ಹಂಚು.

"ಪಪ್ಪಾ..." ಪಿಸುಗುಟ್ಟಿತು. "ಆಂಟಿ ಈಸ್ ಆಲ್ಸೋ ಲಾಕ್ಡ್ ಇನ್."

"ಯಾವ ಆಂಟಿ ಪುಟ್ಟಿ?"

ಮಗು ಮುಂದಿನ ಎಡಗಡೆಯ ಸೀಟು ತೋರಿಸಿತು. "ಶಿ ಕಾಂಟ್ ಗೋ ಹೋಮ್."

ಸೀಟು ಖಾಲಿ. ಆದರೆ ಮೆತ್ತೆ ಒತ್ತಿಹೋಗಿತ್ತು, ಯಾರೋ ಕೂತರೆ ಒತ್ತುವಷ್ಟು.

ಮಗುವಿನ ತೊಡೆಯ ಮೇಲಿದ್ದ ಕವರು ಅವನ ಕೈಗೆ ತಗುಲಿತು. ವೀಳ್ಯದೆಲೆಯ ವಾಸನೆ. ಆಗ ಹೊಳೆಯಿತು. ಟೇಪಿಗೆ ಹಚ್ಚಿದ ಕುಂಕುಮ... ಶಾಂತಾ ಆಂಟಿಯ ಮಾತು... ಕರೆದ ಮೇಲೆ ಕಳಿಸ್ಲೇಬೇಕು. ಬಂದವಳನ್ನು ಕೂರಿಸಿ ಕಳಿಸುವುದನ್ನೇ ಮರೆತಿದ್ದರು. ಗಂಡಸು ಹೆಂಗಸಿಗೆ ತಾಂಬೂಲ ಕೊಡುವ ಪದ್ಧತಿಯಿಲ್ಲ. ಮಗುವೇ ಕೊಡಬೇಕು.

"ಪುಟ್ಟಿ... ಆ ಕವರು ಆಂಟಿಗೆ ಕೊಡಮ್ಮ. 'ಹೋಗಿ' ಅನ್ನು. ಅಷ್ಟೇ ಅನ್ನು."

ಗಗನಾ ಎರಡೂ ಕೈಯಲ್ಲಿ ಕವರು ಮುಂದೆ ಚಾಚಿದಳು. ನೈರೋಬಿಯಲ್ಲೇ ಬೆಳೆದ ಮಗು, ಕನ್ನಡ ಅರ್ಥವಾದರೂ ಆಡುವುದಿಲ್ಲ. ಅಮ್ಮ ಬಾಗಿಲಲ್ಲಿ ನಿಂತು ದಿನಾ ಹೇಳುವ ಒಂದೇ ಒಂದು ಮಾತು ಅವಳ ಬಾಯಿಗೆ ಬರುತ್ತಿತ್ತು. ಅದನ್ನೇ ಅಂದಳು.

"ಹೋಗಿ ಬನ್ನಿ ಆಂಟಿ."

ಹಾಡು ನಿಂತಿತು.

ಟಕ್. ಲಾಕುಗಳು ಬಿಚ್ಚಿದವು. ಮುಂದಿನ ಎಡಬಾಗಿಲು ತಾನಾಗಿ ತೆರೆಯಿತು. ಯಾರೋ ಇಳಿದಾಗ ಆಗುವ ಹಾಗೆ ಕಾರು ಕಿರ್ ಅಂತ ಒಂದಿಷ್ಟು ಮೇಲೆದ್ದಿತು. ತಣ್ಣನೆ ಗಾಳಿ ನುಗ್ಗಿತು. ಮಗು ಎದೆ ತುಂಬ ಉಸಿರೆಳೆದುಕೊಂಡಿತು, ಮತ್ತೊಮ್ಮೆ ಎಳೆದುಕೊಂಡಿತು. ಚಿದಾನಂದ ಅವಳನ್ನು ತಬ್ಬಿಕೊಂಡು ಅತ್ತುಬಿಟ್ಟ. ನನಗೆ ಹೇಳುವಾಗಲೂ ಅತ್ತ.

ಕ್ಯಾಸೆಟ್ಟು ಟೇಪಿನಿಂದ ಅರ್ಧ ಹೊರಗೆ ಬಂದಿತ್ತು. ಅದನ್ನು ಮರದ ಬುಡದಲ್ಲಿಟ್ಟು ಬಂದು ಕೀ ತಿರುಗಿಸಿದರೆ ಕಾರು ಒಂದೇ ಸಲಕ್ಕೆ ಚಾಲೂ ಆಯಿತು. ಮನೆ ಸೇರಿದ. ಕವರಿನಲ್ಲಿ ಕಾಯಿ, ಎಲೆ, ಬಳೆ ಎಲ್ಲ ಇದ್ದವು. ಬ್ಲೌಸ್ ಪೀಸು ಇರಲಿಲ್ಲ. ವಾರದೊಳಗೆ ಕಾರು ಮಾರಿದ.

ಇಷ್ಟಕ್ಕೇ ಮುಗಿದಿದ್ದರೆ ನಾನು ಈ ಹೊತ್ತಿನಲ್ಲಿ ನಿಮಗೆ ಹೇಳುತ್ತಿರಲಿಲ್ಲ. ಮುಂದಿನ ವರ್ಷದ ವರಮಹಾಲಕ್ಷ್ಮಿಗೆ ನಾನು ಅವರ ಮನೆಯಲ್ಲೇ ಇದ್ದೆ. ಹೆಂಗಸರೆಲ್ಲ ಹೋದ ಮೇಲೆ ಮೈಥಿಲಿ ಬಾಗಿಲು ಹಾಕಿ, ಗ್ರಿಲ್ಲಿಗೆ ಬೀಗ ಹಾಕಿ, ಕೀಲಿಕೈ ದಿಂಬಿನ ಕೆಳಗಿಟ್ಟುಕೊಂಡು ಮಲಗಿದಳು. ನಾನು ಹಾಲಿನಲ್ಲಿ ಮಲಗಿದ್ದೆ. ಚಳಿಗೆ ಎರಡು ಕಂಬಳಿ ಹೊದ್ದವನು ಯಾವಾಗಲೋ ಎರಡನ್ನೂ ಒದ್ದುಬಿಟ್ಟಿದ್ದೆ. ಸೆಕೆ ಅನಿಸಿತ್ತು, ಕನಸೆಂದುಕೊಂಡೆ.

ಬೆಳಿಗ್ಗೆ ಬೀಗ ಹಾಕಿದ ಹಾಗೇ ಇತ್ತು. ಟೀಪಾಯಿಯ ಮೇಲೆ ಕುಂಕುಮದ ಭರಣಿ, ಅದರ ಪಕ್ಕದಲ್ಲಿ ನೀಟಾಗಿ ಮಡಿಸಿದ ಗಿಣಿಹಸಿರು ಬ್ಲೌಸ್ ಪೀಸು. ಮೂಲೆಯಲ್ಲಿ ಅರಿಶಿನದ ಕಲೆ. ಮೈಥಿಲಿ ಮುಟ್ಟಲು ಹೆದರಿದಳು, ನಾನೇ ಎತ್ತಿದೆ. ಇದೇ ಕೈಯಲ್ಲಿ. ನೀವು ನಂಬಿ, ಬಿಡಿ... ಬಿಸಿಲಿಗೆ ಒಣಹಾಕಿ ಆಗ ತಾನೇ ತೆಗೆದ ಬಟ್ಟೆಯ ಹಾಗೆ ಅದು ಬೆಚ್ಚಗಿತ್ತು.