ನೆವಿಲ್‌ನ ಕೊರಳಪಟ್ಟಿ ಹಿಡಿದ ಬಗ್ಗೆ

ಮಾನ್ಯ ಅಧ್ಯಕ್ಷರಾದ ಟ್ರೆವರ್ ಸ್ವೇಲ್ ಅವರೇ, ಲೀಗ್‌ನ ಪರವಾಗಿ ಬಂದು ನನ್ನ ಎಡಗಡೆ ಬಹಳ ಗಂಭೀರವಾಗಿ ಕುಳಿತಿರುವ ಅತಿಥಿಗಳೇ, ಲೋವರ್ ಹೋಮ್ ಗಾಳ ಸಂಘದ ಹಿರಿಯರೇ, ಅವರನ್ನು ಭಾನುವಾರಗಳಲ್ಲಿ ಕಳೆದುಕೊಂಡೂ ಸಹಿಸಿಕೊಂಡಿರುವ ಮನೆಯವರೇ, ಪೈ ಮುಗಿಸಿ ಇನ್ನೊಂದು ಬಿಯರ್ ಯಾವಾಗ ಎಂದು ಕಾಯುತ್ತಿರುವ ಸಭಿಕರೇ,

ಇದು ನನ್ನ ಬೀಳ್ಕೊಡುಗೆಯಂತೆ. ಆಹ್ವಾನ ಪತ್ರಿಕೆಯಲ್ಲಿ ಹಾಗೆ ಅಚ್ಚಾಗಿದೆ. ತಂಡದ ನಾಯಕಿ ಗ್ಲೆನಿಸ್ ಬಾರ್ಟ್ರಮ್ ಅವರಿಗೆ ಗೌರವಪೂರ್ವಕ ವಿದಾಯ. ಹೋಗುತ್ತೇನೆಂದು ನಾನು ಯಾರಿಗೂ ಹೇಳಿರಲಿಲ್ಲ. ಆದರೂ ಊಟ ಚೆನ್ನಾಗಿತ್ತು, ಅದಕ್ಕೆ ಕೃತಜ್ಞಳಾಗಿದ್ದೇನೆ.

ಅಧ್ಯಕ್ಷರು ಊಟಕ್ಕೆ ಮುಂಚೆ ನನ್ನನ್ನು ಕೋಟು ತೂಗುಹಾಕುವ ಮೂಲೆಗೆ ಕರೆದುಕೊಂಡು ಹೋಗಿ ಒಂದು ಮಾತು ಹೇಳಿದರು. "ಗ್ಲೆನಿಸ್, ಎರಡೇ ಎರಡು ಮಾತು. ತಪ್ಪಾಯ್ತು ಅನ್ನು, ಸಾಕು. ಲೀಗ್‌ನವರು ಇಲ್ಲೇ ಇದಾರೆ. ನಮ್ಮನ್ನ ಕೆಳಗಿನ ವಿಭಾಗಕ್ಕೆ ತಳ್ಳೋದನ್ನ ಕೈಬಿಡ್ತಾರೆ." ಟ್ರೆವರ್ ಒಳ್ಳೆಯ ಮನುಷ್ಯ. ಸಂಘಕ್ಕಾಗಿ ಕೇಳಿದರು, ತಮಗಾಗಿ ಅಲ್ಲ. ಹಾಗಾಗಿ ನಾನು ಆ ಎರಡು ಮಾತುಗಳನ್ನು ಏಕೆ ಆಡುವುದಿಲ್ಲ ಎಂಬುದನ್ನು ನಿಮ್ಮೆಲ್ಲರೆದುರು ಹೇಳಬೇಕಾಗಿದೆ.

ಅಕ್ಟೋಬರ್ ತಿಂಗಳ ಆ ಭಾನುವಾರ ನಿಮ್ಮಲ್ಲಿ ಅರ್ಧ ಜನ ಟ್ರೆಂಟ್ ನದಿಯ ದಂಡೆಯಲ್ಲಿದ್ದಿರಿ. ಉಳಿದರ್ಧ ಜನ ಅಲ್ಲಿ ಇದ್ದವರಿಗಿಂತ ಚೆನ್ನಾಗಿ ಅದನ್ನು ವರ್ಣಿಸುತ್ತಿದ್ದೀರಿ. ಅದು ಲೀಗ್‌ನ ಕೊನೆಯ ಪಂದ್ಯ. ತಂಡಕ್ಕೆ ಆರು ಜನ, ಅವರು ಕೂರುವ ಜಾಗ ಗುರುತಿಸಲು ಆರು ಗೂಟ, ಹಿಡಿದ ಮೀನು ಹಾಕಿಡಲು ಆರು ಬಲೆಚೀಲ. ಎಲ್ಲರ ಮೀನೂ ಸೇರಿದರೆ ತಂಡದ ಫಲ. ಒಬ್ಬನ ಚೀಲ ಬರಿದಾದರೆ ಉಳಿದ ಐವರ ದುಡಿಮೆಯೂ ನೀರುಪಾಲು. ನಾನು ಗಾಳ ಹಾಕುತ್ತಿರಲಿಲ್ಲ. ನಾಯಕಿಯಾಗಿ ದಂಡೆಯುದ್ದಕ್ಕೂ ಓಡಾಡಿ ಬಾಯಿಮಾತಿನ ಸಲಹೆ ಕೊಡುವುದಷ್ಟೇ ನನ್ನ ಕೆಲಸ. ಕೈ ತಾಗಿಸುವಂತಿಲ್ಲ. ನಿಯಮ ನನಗೆ ಗೊತ್ತಿತ್ತು.

ಆರನೆಯವನಾಗಿ ನಾನು ಆರಿಸಿದ್ದು ನೆವಿಲ್‌ನನ್ನು. ಒಂದು ಕಾಲಕ್ಕೆ ಅವನು ನನ್ನ ಗಂಡ. ಅವನ ಕೈ ನಡುಗುವ ಕಾಯಿಲೆ ನಿಮಗೆ ತಿಳಿದದ್ದೇ. ಕರುಣೆಯಿಂದ ಆರಿಸಿದಳು ಎಂದರು ಕೆಲವರು. ಎಲ್ಲರೆದುರು ಅವನ ಮಾನ ಕಳೆಯಲು ಆರಿಸಿದಳು ಎಂದರು ಇನ್ನು ಕೆಲವರು. ಎರಡೂ ಸುಳ್ಳು. ಕೈ ನಡುಗಿದರೇನು, ನೀರಿನ ಮೇಲ್ಮೈ ನೋಡಿ ತಳದಲ್ಲಿ ಮೀನು ಎತ್ತ ಮುಖ ಮಾಡಿದೆ ಎಂದು ಹೇಳಬಲ್ಲ ಮನುಷ್ಯ ಈ ಸಂಘದಲ್ಲಿ ಇನ್ನೊಬ್ಬನಿದ್ದಾನೆಯೇ? ಇದ್ದರೆ ಎದ್ದು ನಿಲ್ಲಲಿ. ಯಾರೂ ಎದ್ದಿಲ್ಲ.

ಅವನ ಮೇಲೆ ನನಗೆ ಪ್ರೀತಿಯಿದೆ ಎಂದು ಯಾರೂ ತಿಳಿಯಬಾರದು. ನನಗೆ ಈ ಸಂಘದ ಬಾಗಿಲು ಹಾಕಿದವನೇ ಅವನು. ಆಗ ಅವನು ಕಾರ್ಯದರ್ಶಿ. ನನ್ನ ಅರ್ಜಿ ಬಂದಾಗ ಇದೇ ಸಭಾಂಗಣದಲ್ಲಿ ಎದ್ದು ನಿಂತು, "ಹೆಂಗಸರು ದಂಡೆ ಮೇಲೆ ಕೂತ್ರೆ ಮಾತೇ ಜಾಸ್ತಿ, ಮೀನು ಕಮ್ಮಿ. ಚಹಾ ಕಾಯಿಸೋಕೆ ಬರ್ಲಿ, ಬೇಡ ಅನ್ನಲ್ಲ" ಎಂದಿದ್ದ. ನಾನು ನದಿಯ ಆಚೆ ದಂಡೆಯ ಸಂಘ ಸೇರಿದೆ, ಮುಂದಿನ ವರ್ಷ ಅವನ ಎದುರೇ ಕುಳಿತು ಅವನನ್ನು ಸೋಲಿಸಿದೆ. ಅದೇ ಚಳಿಗಾಲ ನಮ್ಮ ಮದುವೆ ಮುರಿಯಿತು. ಅದಕ್ಕೆ ಮೀನು ಕಾರಣವಲ್ಲ ಎಂದು ನಾನು ವಕೀಲರಿಗೂ ಹೇಳಿದ್ದೆ. ಅವರು ನಂಬಲಿಲ್ಲ. ಅವನು ಕಾರ್ಯದರ್ಶಿ ಸ್ಥಾನ ಬಿಟ್ಟ ಮೇಲೆ ಇದೇ ಸಂಘ ನನ್ನನ್ನು ಕರೆದು ಸೇರಿಸಿಕೊಂಡಿತು.

ಮೊನ್ನೆ ಬೆಳಿಗ್ಗೆ ಅವನ ಅಂಗಿಯ ಗುಂಡಿ ಹಾಕಿಕೊಡುವಾಗ ಕೂಡ ಇದೇ ವಿಷಯಕ್ಕೆ ಜಗಳವಾಯಿತು. ಅದಿರಲಿ. ಪಕ್ಕದ ಬೀದಿಯಲ್ಲೇ ಇದ್ದಾನೆ, ದಾರಿಯಲ್ಲಿ ಸಿಗುತ್ತದೆ, ಹೋಗಿಬರುತ್ತೇನೆ. ಇದರಲ್ಲಿ ನಗುವಂಥದ್ದು ಏನೂ ಇಲ್ಲ.

ಆ ದಿನ ಚೀಟಿ ಎತ್ತಿದಾಗ ನೆವಿಲ್‌ಗೆ ಬಂದದ್ದು ಅಣೆಕಟ್ಟೆಯ ಕೆಳಗಿನ ಗೂಟ. ಕಡಿದಾದ ಜೇಡಿ ದಂಡೆ, ಅದರಡಿಯಲ್ಲೇ ಆಳ. ನಾನು ಅವನನ್ನು ಪಕ್ಕಕ್ಕೆ ಕರೆದು, "ಬದಲಿ ಆಟಗಾರ ಇದಾನೆ, ನೆವಿಲ್. ಇವತ್ತು ಬೇಡ" ಎಂದೆ.

"ನನ್ನ ಇಳಿಸಿ ನೋಡು, ನಿನಗೆ ಇನ್ನೊಂದ್ಸಲ ಡೈವೋರ್ಸ್ ಕೊಡ್ತೀನಿ" ಎಂದ.

ಸೀಟಿ ಊದಿದರು. ಉಳಿದವರು ಸಣ್ಣ ಹುಳು ಸಿಕ್ಕಿಸಿ ಬೆರಳುದ್ದದ ಮೀನುಗಳನ್ನು ಒಂದರ ಹಿಂದೊಂದು ಎತ್ತುತ್ತಿದ್ದರು. ನೆವಿಲ್‌ನ ಬೆರಳಿಗೆ ಆ ಹುಳು ನಿಲ್ಲುತ್ತಿರಲಿಲ್ಲ. ಒಂದು ಸಿಕ್ಕಿಸುವುದರೊಳಗೆ ನಾಲ್ಕು ಕೆಳಗೆ ಬೀಳುತ್ತಿದ್ದವು. ನಾನು ಹಿಂದೆ ನಿಂತು ನೋಡುತ್ತಿದ್ದೆ, ಎರಡೂ ಕೈ ಕೋಟಿನ ಜೇಬಿನೊಳಗೆ. ಇಡೀ ಜೀವನದಲ್ಲಿ ನನ್ನ ಕೈಗಳಿಗೆ ಅಷ್ಟು ಕಷ್ಟದ ಕೆಲಸ ನಾನು ಕೊಟ್ಟಿರಲಿಲ್ಲ. ಕೊನೆಗೆ ಅವನು ಹುಳುವಿನ ಡಬ್ಬ ಮುಚ್ಚಿಟ್ಟು, ದೊಡ್ಡ ಗಾಳ ಕಟ್ಟಿದ್ದ ಇನ್ನೊಂದು ಕೋಲು ತೆಗೆದು, ಅದಕ್ಕೆ ದಪ್ಪ ಎರೆಹುಳು ಚುಚ್ಚಿದ. "ಸಣ್ಣದು ಆಗಲ್ಲ. ದೊಡ್ಡದೇ ಬರ್ಲಿ" ಎಂದ, ನನಗಲ್ಲ, ನದಿಗೆ.

ಗಂಟೆಗಟ್ಟಲೆ ಏನೂ ಇಲ್ಲ. ಚೀಲ ಬರಿದೋ ಬರಿದು. ನಮ್ಮ ಉಳಿದ ಐವರು ಮುಂದಿದ್ದರು. ನೆವಿಲ್‌ನದೊಂದು ಒಳ್ಳೆಯ ಮೀನು ಬಂದರೆ ಲೀಗ್ ಗೆದ್ದವರಿಗೆ ಕೊಡುವ ಬೆಳ್ಳಿ ಬಟ್ಟಲು ನಮ್ಮದು, ಬಾರದಿದ್ದರೆ ಎದುರಾಳಿ ನಾಯಕ ಲೆಸ್ ಟಾಫ್ಟ್ ಅವರ ತಂಡದ್ದು. ಪಂದ್ಯ ಮುಗಿಯುವ ಹೊತ್ತಿಗೆ ಕೋಲು ಬಿಲ್ಲಿನಂತೆ ಬಾಗಿತು. ಬಾರ್ಬೆಲ್ ಮೀನು, ನಮ್ಮ ನದಿಯ ಗೂಳಿ. ಒಂದು ಸಂಗತಿ ಹೇಳುತ್ತೇನೆ ಕೇಳಿ. ಆ ಮೀನು ಎಳೆಯುವಷ್ಟು ಹೊತ್ತು ಅವನ ಕೈ ನಡುಗಲಿಲ್ಲ. ಅಥವಾ ನಡುಗಿದ್ದು ನನಗೆ ಕಾಣಲಿಲ್ಲ. ಮದುವೆಗೆ ಮುಂಚೆ ನಾನು ಕಂಡಿದ್ದ ನೆವಿಲ್ ಅಲ್ಲಿದ್ದ.

ಮೀನು ದಡಕ್ಕೆ ಬಂತು. ಅವನು ಮಂಡಿಯೂರಿ ಕೈಬಲೆ ಚಾಚಿದ. ಜೇಡಿ ಜಾರಿತು. ಅವನು ನೀರಿನ ಕಡೆಗೆ ಹೊರಟ.

ನಾನು ಅವನ ಕೊರಳಪಟ್ಟಿ ಹಿಡಿದೆ.

"ಬಿಡೇ, ಬಿಡು" ಎಂದು ಕೂಗಿದ. ನಾನು ಬಿಡಲಿಲ್ಲ. ನನ್ನ ಹಿಡಿತದಲ್ಲಿ ತೂಗಾಡುತ್ತಲೇ ಮೀನನ್ನು ಬಲೆಗೆ ತೆಗೆದುಕೊಂಡ.

ಪಕ್ಕದ ಗೂಟದವನು ಆಕ್ಷೇಪಿಸಿ ಕೈಯೆತ್ತಿದ. ಲೆಸ್ ಟಾಫ್ಟ್ ಬಂದರು, ಮೇಲ್ವಿಚಾರಕರೂ ಬಂದರು. ಆ ಮೇಲ್ವಿಚಾರಕರೇ ಈಗ ನನ್ನ ಎಡಗಡೆ ಇದ್ದಾರೆ, ನಾನು ಒಂದಕ್ಷರ ತಿರುಚಿದರೂ ತಡೆಯಬಹುದು.

"ಮುಟ್ಟಿದ್ರಾ?" ಎಂದು ಮೇಲ್ವಿಚಾರಕರು ಕೇಳಿದರು.

"ಮುಟ್ಟಿದೆ."

"ಮೀನು ಹಿಡಿಯೋಕೆ ಸಹಾಯ ಮಾಡಿದ್ರಾ?"

"ಮನುಷ್ಯನ್ನ ನಾನು ಹಿಡಿದೆ. ಮೀನನ್ನ ಅವನು ಹಿಡಿದ."

"ನೀವು ಹಿಡೀದೆ ಇದ್ದಿದ್ರೆ ಮೀನು ಅವರಿಗೆ ಸಿಗ್ತಿತ್ತಾ?"

"ನಾನು ಹಿಡೀದೆ ಇದ್ದಿದ್ರೆ ಮೀನಿಗೆ ಅವನು ಸಿಗ್ತಿದ್ದ."

ಈ ಕೊನೆಯ ಮಾತು ಉದ್ಧಟತನವೆಂದು ವರದಿಗೆ ಹೋಯಿತು, ನಮ್ಮನ್ನು ಕೆಳಗಿನ ವಿಭಾಗಕ್ಕೆ ತಳ್ಳುವ ಮಾತು ಹುಟ್ಟಿದ್ದೇ ಅದರಿಂದ. ನೆವಿಲ್‌ನ ಮೀನು ಲೆಕ್ಕಕ್ಕಿಲ್ಲ ಎಂದಾಯಿತು, ತಂಡ ಬಟ್ಟಲು ಕಳೆದುಕೊಂಡಿತು. ನಮ್ಮ ಐವರು ತಲೆತಗ್ಗಿಸಿ ಸಾಮಾನು ಕಟ್ಟಿದ್ದನ್ನು ನಾನು ಮರೆತಿಲ್ಲ. ಅವರೆದುರು ನನಗೆ ದುಃಖವಿದೆ. ಆದರೆ ದುಃಖ ಬೇರೆ, ತಪ್ಪೊಪ್ಪಿಗೆ ಬೇರೆ. ನಿಯಮ ಬರೆದವರು ದಂಡೆಯ ಮೇಲೆ ನಿಂತು ಬರೆದಿದ್ದರೆ ಅದರಲ್ಲಿ ಜಾರುವ ಮನುಷ್ಯನಿಗೂ ಒಂದು ಸಾಲು ಇರುತ್ತಿತ್ತು. ಮತ್ತೆ ಜಾರಿದರೆ ಮತ್ತೆ ಹಿಡಿಯುತ್ತೇನೆ. ಲೆಸ್ ಟಾಫ್ಟ್ ಜಾರಿದರೂ ಹಿಡಿಯುತ್ತೇನೆ, ಸ್ವಲ್ಪ ಯೋಚಿಸಿ. ಕೆಳಗಿನ ವಿಭಾಗಕ್ಕೆ ತಳ್ಳುತ್ತೀರಾ? ತಳ್ಳಿ. ಅಲ್ಲೂ ಇದೇ ನದಿ, ಇದೇ ಮೀನು.

ಮನೆಗೆ ಹೋಗುವಾಗ ಕಾರಿನಲ್ಲಿ ನೆವಿಲ್ ಜೇಡಿ ಮೆತ್ತಿದ ಬೂಟು ಕಳಚಿಟ್ಟ. ಆಮೇಲೆ, "ನನ್ನ ಜೀವಮಾನದ ಮೀನು ಕಣೇ ಅದು. ಲೆಕ್ಕಕ್ಕಿಲ್ಲದ ಹಾಗೆ ಮಾಡ್ದೆ" ಎಂದ.

"ನೀನು ಲೆಕ್ಕಕ್ಕೆ ಉಳಿದೆಯಲ್ಲ, ಸಾಕು" ಎಂದೆ. ಅವನು ಕಿಟಕಿಯ ಕಡೆ ತಿರುಗಿಕೊಂಡ. ಅತ್ತನೋ ಇಲ್ಲವೋ ನೋಡಲಿಲ್ಲ, ನಾನು ಕಾರು ಓಡಿಸುತ್ತಿದ್ದೆ.

ನಮ್ಮ ಸಂಘದ ನಾಯಕತ್ವಕ್ಕೆ ವಸಂತದಲ್ಲಿ ಚುನಾವಣೆ ನಡೆಯುತ್ತದೆ, ಬೀಳ್ಕೊಡುಗೆಯಿಂದ ಆ ಸ್ಥಾನ ಖಾಲಿಯಾಗುವುದಿಲ್ಲ. ನಾನು ನಿಲ್ಲುತ್ತೇನೆ. ಗೆದ್ದರೆ ಆರನೆಯ ಹೆಸರು ನೆವಿಲ್‌ನದೇ. ಇಂದು ಬೆಳಿಗ್ಗೆ ಕೇಳಿದೆ. ಬರುತ್ತಾನಂತೆ, ಆದರೆ ಒಂದು ಷರತ್ತು: ನಾನು ಅವನಿಂದ ಇಪ್ಪತ್ತು ಗಜ ದೂರ ನಿಲ್ಲಬೇಕಂತೆ.

ಆ ಷರತ್ತಿಗೆ ನಾನು ಒಪ್ಪಿಲ್ಲ.

ಇಷ್ಟು ಹೊತ್ತು ಬಿಯರ್ ಬಿಟ್ಟು ಕೇಳಿದ್ದಕ್ಕೆ ನಿಮಗೆಲ್ಲ ವಂದನೆಗಳು. ಅಡುಗೆಮನೆಯವರಿಗೂ ವಂದನೆಗಳು. ನಮಸ್ಕಾರ.