ಎದ್ದು ಹೋಗಿ ನೋಡುವ ಕೆಲಸ

ಅಧ್ಯಕ್ಷರೇ, ಮುಂದಿನ ಸಾಲಿನ ಅತಿಥಿಗಳೇ, ಮಕ್ಕಳ ತಾಯ್ತಂದೆಯರೇ, ಕಿಟಕಿ ಕಟ್ಟೆ ಹತ್ತಿ ಕುಳಿತಿರುವ ಪುಟ್ಟ ಸಭಿಕರೇ,

ಆಯಾಗೂ ಬೀಳ್ಕೊಡುಗೆಯೇ, ಅದಕ್ಕೊಂದು ಮೈಕೇ! ಹತ್ತೊಂಬತ್ತು ವರ್ಷ ಈ ಚಿಕಿತ್ಸಾ ಕೇಂದ್ರದ ಆಟದ ಕೋಣೆ ಗುಡಿಸಿದವಳು ನಾನು. ಯುದ್ಧಕ್ಕೆ ಹೆದರಿ ಊರು ಬಿಟ್ಟು ಬಂದವರ ಮಕ್ಕಳು ಅಲ್ಲಿ ಆಡುತ್ತಾರೆ, ಡಾಕ್ಟರಮ್ಮ ಜೊತೆಗೆ ಕೂರುತ್ತಾರೆ. ಬಾಯಲ್ಲಿ ಬಾರದ್ದು ಆಟದಲ್ಲಿ ಬರುತ್ತದಂತೆ. ನನ್ನ ಒಳ್ಳೆಯತನವನ್ನು ನೀವೆಲ್ಲ ಹೇಳಿದಿರಿ. ತಪ್ಪನ್ನು ನಾನೇ ಹೇಳಬೇಕಲ್ಲವೇ?

ಏಳು ವರ್ಷದ ಹುಡುಗಿಯೊಬ್ಬಳು ಬರುತ್ತಿದ್ದಳು. ಮನೆಯಲ್ಲೂ ತುಟಿ ಬಿಚ್ಚುತ್ತಿರಲಿಲ್ಲ. ವಾರ ವಾರವೂ ಮರಳಿನ ತೊಟ್ಟಿಯಲ್ಲಿ ಇನ್ನೊಂದಿಷ್ಟು ಗೊಂಬೆಗಳನ್ನು ಹೂತು ಹೋಗುತ್ತಿದ್ದಳು. ಮಕ್ಕಳು ಬಿಟ್ಟುಹೋದದ್ದನ್ನು ಮುಟ್ಟಬಾರದೆಂದು ಡಾಕ್ಟರಮ್ಮನ ಕಟ್ಟಪ್ಪಣೆ. ಆದರೆ ನನ್ನ ಕೈ ಸುಮ್ಮನಿರಬೇಕಲ್ಲ! ನಾನೂ ಇವರಂತೆಯೇ ಯುದ್ಧಕ್ಕೆ ಹೆದರಿ ಗಡಿ ದಾಟಿ ಬಂದವಳು. ಒಲೆಯ ಮೇಲಿನ ಪಾತ್ರೆಯನ್ನೂ ಇಳಿಸದೆ ಓಡಿದೆವು. ಅಂದಿನಿಂದ ಯಾವುದನ್ನೂ ಅರ್ಧಕ್ಕೆ ಬಿಟ್ಟು ಬಾಗಿಲು ಹಾಕಲು ನನ್ನಿಂದಾಗದು. ಇರಲಿ, ಅದು ಬೇರೆ ಕಥೆ.

ಎಳೆ ಮಗು ಹೀಗೆ ಹೆಣ ಹೂಳುವುದೇ ಎನಿಸಿತು. ಗೊಂಬೆಗಳನ್ನು ತೆಗೆದೆ, ತೊಳೆದೆ, ಕಪಾಟಿನಲ್ಲಿ ಸಾಲಾಗಿ ಕೂರಿಸಿದೆ. ಮುಂದಿನ ವಾರ ಹುಡುಗಿ ಅದನ್ನು ನೋಡಿದವಳೇ ಮೇಜಿನ ಕೆಳಗೆ ನುಸುಳಿಬಿಟ್ಟಳು. ಆಮೇಲೆ ಬಂದರೂ ಕೋಣೆಯ ಹೊಸ್ತಿಲು ದಾಟದೆ ಹೊರಗಿನ ಬೆಂಚಿನಲ್ಲೇ ಕೂರುತ್ತಿದ್ದಳು. ಮೂರನೆಯ ವಾರ ಅವಳ ತಾಯಿ, "ಇನ್ನು ಕರ್ಕೊಂಡು ಬರಲ್ಲ ಡಾಕ್ಟ್ರೇ. ಆಡ್ತಿದ್ದಿದ್ದೂ ಹೋಯ್ತು" ಎಂದರು.

ನಾನು ಮಾಡಿದ್ದನ್ನು ಡಾಕ್ಟರಮ್ಮನ ಮುಂದೆ ಹೇಳಿ ಅತ್ತೆ. "ನನ್ ಹತ್ರ ಯಾಕಮ್ಮ ಅಳ್ತೀರಿ? ಅವಳ ಹತ್ರ ಹೋಗಿ ಹೇಳಿ" ಎಂದರು.

ಅವರು ಹೊರಡುವ ಮುಂಚೆಯೇ ಆ ಬೆಂಚಿನ ಪಕ್ಕ, ನೆಲದ ಮೇಲೆ ಹುಡುಗಿಯ ಎದುರು ಕೂತೆ. ಮಂಡಿ ಲಟಲಟ ಎಂದಿತು. "ನಿನ್ನ ಕೇಳ್ದೆ ತೆಗ್ದ್ಬಿಟ್ಟೆ ಕಂದಾ. ತಪ್ಪು ನಂದೇ" ಎಂದೆ.

ಅವಳು ನನ್ನ ಕಿವಿಯ ಬಳಿ ಬಾಗಿ ಮೆಲ್ಲಗೆ, "ಅವ್ರು ಬಚ್ಚಿಟ್ಕೊಂಡಿದ್ರು ಅಜ್ಜಿ. ನೀನು ತೋರಿಸ್ಕೊಟ್ಬಿಟ್ಟೆ" ಎಂದಳು.

ನೋಡಿದಿರಾ? ನಾನು ಸತ್ತವರೆಂದುಕೊಂಡವರನ್ನು ಆ ಮಗು ಅಷ್ಟು ದಿನ ಬದುಕಿಸಿಕೊಂಡು ಬಂದಿತ್ತು!

ಅವಳೇ ನನ್ನ ಕೈ ಹಿಡಿದು ಒಳಗೆ ಎಳೆದೊಯ್ದಳು. ಇಬ್ಬರೂ ಸೇರಿ ಗೊಂಬೆಗಳನ್ನು ಮತ್ತೆ ಮರಳೊಳಗೆ ಅಡಗಿಸಿದೆವು. "ಹೊರಗೆ ಯಾರಾದ್ರೂ ಇದಾರಾ, ನೋಡ್ಕೊಂಡು ಬಾ" ಎಂದಳು. ನೋಡಿ ಬಂದೆ. "ಯಾರೂ ಇಲ್ಲ ಕಂದಾ." "ಇನ್ನೊಂದ್ಸಲ." ಹೀಗೆ ಒಂಬತ್ತು ಸಲ ಓಡಾಡಿಸಿದಳು. ಹತ್ತನೆಯ ಸಲ ಬಂದು ನೋಡಿದರೆ, ಒಂದು ಗೊಂಬೆಯ ತಲೆ ಮರಳಿನಿಂದ ಹೊರಗೆ ಬಂದಿತ್ತು.

ನನ್ನ ಜಾಗಕ್ಕೆ ಬರುವ ತಂಗೀ, ನಿನಗೆ ಒಂದೇ ಮಾತು. ಮಗು ನೋಡಿ ಬಾ ಎಂದರೆ, ಕೂತಲ್ಲಿಂದಲೇ 'ಯಾರೂ ಇಲ್ಲ' ಎನ್ನಬೇಡ. ಎದ್ದು ಹೋಗು, ಬಾಗಿಲಾಚೆ ಎರಡೂ ಕಡೆ ನೋಡು, ಆಮೇಲೆ ಬಂದು ಹೇಳು.

ನನ್ನನ್ನು ಸಹಿಸಿಕೊಂಡ ಡಾಕ್ಟರಮ್ಮನಿಗೂ, ಮನ್ನಿಸಿದ ಆ ಹುಡುಗಿಗೂ ಋಣಿಯಾಗಿದ್ದೇನೆ. ದೊಡ್ಡವರಿಗೂ ಚಿಕ್ಕವರಿಗೂ ನನ್ನ ನಮಸ್ಕಾರ.