ಬೋರ್ಡಿನ ಮೇಲಿನ ದಾಖಲೆ

ಬಸ್ ನಿಲ್ದಾಣದ ಬೆಂಚಿನಲ್ಲಿ ನನ್ನ ಪಕ್ಕ, ಕೊರಳಲ್ಲಿ ಸೀಟಿ ಹಾಕಿಕೊಂಡ ಶಾಲೆಯ ಹೊಸ ಈಜು ಕೋಚ್ ಮತ್ತು ಹಿಂದೆ ಅಲ್ಲೇ ಆಕೆಗೆ ಈಜು ಕಲಿಸಿದ್ದ ಮೇಷ್ಟ್ರು ಕೂತಿದ್ದರು.

“ಮೇಷ್ಟ್ರೇ, ಈಜುಕೊಳದ ಬೋರ್ಡಿಂದ ನನ್ನ ದಾಖಲೆ ಅಳಿಸಿಬಿಡಿ.”

“ಯಾಕಮ್ಮಾ? ಅದನ್ನ ನೋಡಿ ತಾನೇ ಕಾಲೇಜಿನವರು ನಿನ್ನನ್ನ ಟೀಮಿಗೆ ತಗೊಂಡಿದ್ದು?”

“ಇವತ್ತು ಹುಡುಗಿಯೊಬ್ಳು ಅದನ್ನ ನೋಡಿ, ‘ನನ್ನ ಕೈಲಾಗಲ್ಲ ಮಿಸ್’ ಅಂತ ಅತ್ತುಬಿಟ್ಳು.”

“ಅಳಲಿ ಬಿಡು, ಹಟ ಬರುತ್ತೆ.”

“ಈ ತುದಿಯಿಂದ ಆ ತುದಿಗೆ ಹದಿನಾರು ಸಲ ಈಜಬೇಕಿತ್ತು. ನಾನು ಈಜಿದ್ದು ಹದಿನಾಲ್ಕೇ. ನಿಮಗೆ ಎಣಿಕೆ ತಪ್ಪಿತು, ನಾನು ಬಾಯಿ ಬಿಡಲಿಲ್ಲ.”

ಮೇಷ್ಟ್ರು ತಮ್ಮ ಚಪ್ಪಲಿಯನ್ನೇ ನೋಡುತ್ತ ಕೂತರು.

“ಎಣಿಕೆ ತಪ್ಪಿರಲಿಲ್ಲ ಕಣಮ್ಮಾ. ಶಾಲೆಗೊಂದು ಹೆಸರು ಬೇಕಿತ್ತು. ಗೊತ್ತಿದ್ದೇ ಹದಿನಾಲ್ಕಕ್ಕೆ ಸ್ಟಾಪ್‌ವಾಚ್ ನಿಲ್ಲಿಸಿದೆ.”

ಬಸ್ಸು ಬಂತು. ನಾನು ಹತ್ತಿ ಕಿಟಕಿಯಿಂದ ನೋಡಿದೆ. ಇಬ್ಬರೂ ಶಾಲೆಯ ಕಡೆಗೇ ವಾಪಸು ನಡೆಯುತ್ತಿದ್ದರು, ಒಬ್ಬರ ಮುಖ ಒಬ್ಬರು ನೋಡದೆ.